ಬ್ಲೌಸ್ ಹೊತ್ಕೊಂಡು ಹೋದ ಹೆರಾಲ್ಡು

ನನಗೊಂದು ಕೆಟ್ಟ ಚಟ ಇದೆ. ಬೀಡಿ, ಸಿಗರೇಟು, ಎಣ್ಣೆ ಯಾವ್ದೂ ಅಲ್ಲ, ಅವಾದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಬಿಡಿಸಬಹುದಿತ್ತು ಅಂತ ನನ್ನ ಹೆಂಡತೀನೇ ಬೇಜಾರು ಮಾಡ್ಕೋತಾಳೆ. ಟ್ರಾಫಿಕ್ಕಲ್ಲಿ ಹಳೇ ಕಾರು ಕಂಡ್ರೆ ನನ್ನ ಕತ್ತು ತಾನಾಗೇ ಆ ಕಡೆ ತಿರುಗತ್ತೆ, ಸ್ಕೂಟರ್ ಮಾತ್ರ ಪಾಪ ನೆಟ್ಟಗೆ ಮುಂದಕ್ಕೇ ಹೋಗ್ತಿರತ್ತೆ. ಇದರಿಂದ ಇಲ್ಲೀವರೆಗೆ ಎರಡು ಇಂಡಿಕೇಟರ್, ಒಂದು ಮಿರರ್, ಒಂದು ಡಜನ್ ಮೊಟ್ಟೆ ಹೋಗಿದೆ. ಮೊಟ್ಟೆ ಕೇಸಿಗೆ ಕಾರಣ ಒಂದು ಬಿಳೀ ಕಾಂಟೆಸಾ. ಮಿನರ್ವ ಸರ್ಕಲ್ ಹತ್ರ ಅದರ ಉದ್ದ ಮೂತಿ ನೋಡ್ತಾ ನೋಡ್ತಾ ಮುಂದಿದ್ದ ಆಟೋ ನಿಂತಿದ್ದು ಗೊತ್ತೇ ಆಗ್ಲಿಲ್ಲ. ಆಟೋದವ್ನು ಇಳಿದು ಬಂದು ಬೈಯೋಕೆ ಬಾಯಿ ತೆಗ್ದೋನು, ನನ್ನ ಕಣ್ಣು ಹೋಗಿದ್ದ ಕಡೆ ನೋಡಿ "ಓ, ಕಾಂಟೆಸಾ! ನಮ್ ಓನರ್ ಹತ್ರ ಇತ್ತು ಸಾ" ಅಂದ. ಇಬ್ರೂ ಎರಡು ನಿಮಿಷ ಅದನ್ನೇ ನೋಡಿದ್ವಿ, ಆಮೇಲೆ ನೆನಪು ಮಾಡ್ಕೊಂಡು ಬೈದ.

ಈ ಚಟದವರಿಗೆ ಕಾರಿಗಿಂತ ಮುಂಚೆ ನಂಬರ್ ಪ್ಲೇಟ್ ಕಾಣ್ಸತ್ತೆ. ಕೆಎ ಅಂತ ಇದ್ರೆ ಸುಮ್ನೆ ಬಿಟ್ಬಿಡ್ತೀವಿ, ಎಂವೈ ಅಂತಲೋ ಸಿಎ ಅಂತಲೋ ಹಳೇ ಕಾಲದ ನಂಬರ್ ಶುರುವಾದ್ರೆ ಎದೆ ಡವಡವ. ಎಂವೈ ಅಂದ್ರೆ 1973ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡೋಕೆ ಮುಂಚಿನ ಮೈಸೂರಿನ ಗುರುತು. ಇದನ್ನ ನಾನು ಆಫೀಸಲ್ಲಿ ಎಲ್ಲರಿಗೂ ಹೇಳಿದೀನಿ, ಎರಡೆರಡು ಸಲ, ಅದಕ್ಕೇ ಕ್ಯಾಬಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ಮಾರುತಿ 800 ಕೂಡ ಕ್ಲಾಸಿಕ್ಕೇ ಅಂದ್ರೆ ನಗ್ತಾರೆ. 1983ರ ಡಿಸೆಂಬರಲ್ಲಿ ಬಂತಲ್ಲ, ಡಬ್ಬಿ ಥರ ಮೂಲೆಮೂಲೆ ಇದ್ದ ಮೊದಲನೇ ಮಾಡೆಲ್ಲು, 1986ರಲ್ಲಿ ಅದರ ಶೇಪೇ ಬದಲಾಯ್ತು, ಹಂಗಾಗಿ ಆ ಮೊದಲ ಮೂರು ವರ್ಷದ ಗಾಡಿ ಈಗ ರೋಡಲ್ಲಿ ಕಾಣಿಸಿದ್ರೆ ಹುಲಿ ಕಂಡಂಗೆ. ಬಂಡೀಪುರದಲ್ಲಿ ನನಗೆ ಎರಡು ಸಲ ಹುಲಿ ಕಂಡಿದೆ, ಬೆಂಗಳೂರಲ್ಲಿ ಓಡ್ತಿರೋ ಡಬ್ಬಿ ಮಾರುತಿ ಒಂದೇ ಸಲ.

ಇನ್ನು ಡಾಲ್ಫಿನ್ ವಿಷಯ ಎತ್ಲೇಬೇಡಿ. ನಮ್ಮ ಬೆಂಗಳೂರಲ್ಲೇ ಸಿಪಾನಿಯವರು ಮಾಡ್ತಿದ್ದ ಕಾರು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋದರ ಮಾದರಿ, ಬಾಡಿ ಪೂರ್ತಿ ಫೈಬರ್ ಗ್ಲಾಸು, ಎರಡೇ ಬಾಗಿಲು. ತುಕ್ಕಂತೂ ಹಿಡಿಯೋ ಹಂಗಿರ್ಲಿಲ್ಲ, ಮನೆ ಮುಂದೆ ಮಾರುತಿ ಬಂದು ನಿಂತ್ಮೇಲೆ ಇದನ್ನ ಕೇಳೋರೂ ಇರ್ಲಿಲ್ಲ. ಹನ್ನೆರಡು ವರ್ಷ ಹುಡುಕಿದ್ಮೇಲೆ ಒಂದಿನ ಮೈಸೂರು ರೋಡಲ್ಲಿ ಸಿಕ್ತು, ಡಿವೈಡರ್ ಆ ಕಡೆ, ಟೆಂಪೋ ಮೇಲೆ ಮಲಗಿಸ್ಕೊಂಡು ಎಲ್ಲಿಗೋ ಸಾಗಿಸ್ತಿದ್ರು. ಕೈ ಮುಗಿಬೇಕೋ ಹೂವು ಹಾಕ್ಬೇಕೋ ಗೊತ್ತಾಗ್ಲಿಲ್ಲ.

ಎಲ್ಲಾ ಗೊತ್ತು ಅನ್ನೋ ಜಂಬ ಇಳಿದಿದ್ದು ಚನ್ನಪಟ್ಟಣದ ಒಂದು ಮದುವೇಲಿ. ಛತ್ರದ ಮುಂದೆ ಬೆಳ್ಳಿ ಬಣ್ಣದ ಓಪನ್ ಕಾರು, ದೊಡ್ಡ ದೊಡ್ಡ ಹೆಡ್‌ಲೈಟು, ಪಕ್ಕದಲ್ಲಿ ಸ್ಟೆಪ್ನಿ, ಸಾಕ್ಷಾತ್ ಮಹಾರಾಜರ ಕಾಲದ್ದು. ನಾನು ಮಕ್ಕಳನ್ನೆಲ್ಲ ಗುಂಪು ಹಾಕ್ಕೊಂಡು "ನೋಡ್ರೋ, 1930ರ ಆಸುಪಾಸಿಂದು, ಹಿಂಗಿನ ಮಡ್‌ಗಾರ್ಡು ಈಗ ಯಾರ್ ಮಾಡ್ತಾರೆ" ಅಂತ ಕಾಲು ಗಂಟೆ ಕ್ಲಾಸ್ ತಗೊಂಡೆ. ಅಷ್ಟೊತ್ತಿಗೆ ವರ ಬಂದು ಕೂತ, ಡ್ರೈವರ್ ಕೀ ತಿರುಗಿಸಿದ, ಒಳಗಿಂದ ಪರಿಚಯದ ದನಿ ಬಂತು. ದಿನಾ ಬೆಳಗ್ಗೆ ನಮ್ಮನೆ ಮುಂದೆ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗತ್ತಲ್ಲ, ಅದೇ ಓಮ್ನಿ ದನಿ! ಸ್ಟೇರಿಂಗ್ ಮಧ್ಯ ಹೂವಿನ ಹಾರ ಸರಿದಾಗ ಮಾರುತಿ ಲೋಗೋನೂ ಕಾಣಿಸ್ತು. ಬಾಡಿಗೆಗೆ ಬಿಡೋಕೆ ಅಂತಾನೇ ತಗಡು ಬಡಿದು ಮಾಡ್ಸಿದ್ದಂತೆ. ಹೆಂಡತಿ ಸೋದರಮಾವ ಪಕ್ಕಕ್ಕೆ ಬಂದು ಮೆತ್ತಗೆ "ಅಳಿಯಂದ್ರೇ, 1930ರಲ್ಲಿ ಓಮ್ನಿ ಇತ್ತಾ?" ಅಂತ ಕೇಳಿದ್ರು. ಅವತ್ತಿಂದ ಆ ಕಡೆಯವರ ಯಾವ ಫಂಕ್ಷನ್ನಿಗೆ ಹೋದ್ರೂ ನನ್ನ ಹೆಸರು ಓಮ್ನಿ ಅಳಿಯ.

ಇಷ್ಟಾದ್ರೂ ಬುದ್ಧಿ ಬಂದಿರ್ಲಿಲ್ಲ ಅನ್ನೋದಕ್ಕೆ ಹೆರಾಲ್ಡ್ ಅನ್ನೋ ಕಾರೇ ಸಾಕ್ಷಿ.

ಹೋದ ಬೇಸಿಗೇಲಿ, ಮಟಮಟ ಮಧ್ಯಾಹ್ನ. ಮಾರನೇ ದಿನ ನಾದಿನಿ ಮನೆ ಗೃಹಪ್ರವೇಶ. ನನಗೆ ಕೊಟ್ಟಿದ್ದು ಒಂದೇ ಕೆಲಸ, ಗಾಂಧಿ ಬಜಾರ್ ಹತ್ರ ಟೈಲರ್ ಅಂಗಡಿಗೆ ಹೋಗಿ ರೇಷ್ಮೆ ಸೀರೆಯ ಬ್ಲೌಸ್ ಇಸ್ಕೊಂಡು ಬರೋದು. "ರೀ, ಎಲ್ಲೂ ನಿಲ್ಬೇಡಿ, ಯಾವ ಕಾರೂ ನೋಡ್ಬೇಡಿ" ಅಂತ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದ್ಲು. ಬ್ಲೌಸ್ ಇಸ್ಕೊಂಡೆ, ಬಟ್ಟೆ ಬ್ಯಾಗಲ್ಲಿ ಹಾಕ್ಕೊಂಡೆ, ಹಿಂದಿನ ಕ್ರಾಸ್ ರೋಡಿಗೆ ತಿರುಗಿದೆ ನೋಡಿ, ಮರದ ನೆರಳಲ್ಲಿ ತಿಳಿ ನೀಲಿ ಬಣ್ಣದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡು ಬಾಯಿ ತಕ್ಕೊಂಡು ನಿಂತಿದೆ. ಬಾಯಿ ತಕ್ಕೊಂಡು ಅಂತ ಸುಮ್ನೆ ಹೇಳ್ತಿಲ್ಲ. ಹೆರಾಲ್ಡಲ್ಲಿ ಬಾನೆಟ್ ಜೊತೆಗೆ ಮಡ್‌ಗಾರ್ಡೂ ಸೇರ್ಕೊಂಡು ಇಡೀ ಮುಂಭಾಗ ಮುಂದಕ್ಕೆ ಮಗಚ್ಕೊಳತ್ತೆ, ಮೊಸಳೆ ಆಕಳಿಸಿದಂಗೆ. ದಾರೀಲಿ ಹೋಗ್ತಿದ್ದ ಹೆಂಗಸೊಬ್ರು "ಅಯ್ಯೋ ಪಾಪ, ಎರಡು ಪೀಸಾಗೋಯ್ತಲ್ಲ" ಅಂತ ಲೊಚಗುಟ್ಟಿದ್ರು.

ಎಪ್ಪತ್ತೈದು ದಾಟಿದ ಯಜಮಾನರು, ಪಂಚೆ, ಮೇಲೊಂದು ಬನಿಯನ್ನು. ಬಿಸಿಲಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಇಂಜಿನ್ನಿಗೆ ಹೋಗ್ತಿಲ್ಲ, ಹಳೇ ಗಾಡಿಗಳ ಹಳೇ ಕಾಯಿಲೆ, ಸ್ಟಾರ್ಟ್ ಮಾಡಿ ಮಾಡಿ ಬ್ಯಾಟ್ರಿನೂ ಡೌನಾಗಿತ್ತು. "ಒಂದ್ ಬಟ್ಟೆ ಇದ್ಯೇನಪ್ಪಾ?" ಅಂದ್ರು. ಒಂದು ಕ್ಷಣ ಕೈ ಬ್ಯಾಗಿನ ಕಡೆ ಹೋಗಿತ್ತು, ದೇವರು ದೊಡ್ಡೋನು, ಜೇಬಿಂದ ಕರ್ಚೀಫ್ ತೆಗೆದು ಕೊಟ್ಟೆ. ಅದನ್ನ ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿನ ಮೇಲೆ, ಜ್ವರ ಬಂದ ಮಗೂಗೆ ಹಣೆಗೆ ಹಾಕ್ತೀವಲ್ಲ, ಹಂಗೆ ಹಾಕಿದ್ರು.

ತಣ್ಣಗಾಗೋವರೆಗೆ ಮಾತು. 1971ರ ಗಾಡಿ, ಎಂವೈ ನಂಬರ್ರು, ಅವರ ತಂದೆ ತಗೊಂಡಿದ್ದಂತೆ. 50 ವರ್ಷ ದಾಟಿರೋ ಗಾಡೀನ ವಿಂಟೇಜ್ ಅಂತ ರಿಜಿಸ್ಟರ್ ಮಾಡ್ಸೋ ರೂಲ್ 2021ರಲ್ಲಿ ಬಂತಲ್ಲ, ಮಾಡ್ಸಿಲ್ವಾ ಸಾರ್ ಅಂದೆ. "ಮಾಡ್ಸಿದ್ರೆ ದಿನಾ ಓಡ್ಸಂಗಿಲ್ಲ ಕಣಪ್ಪಾ, ಎಗ್ಸಿಬಿಷನ್ನು ರ‍್ಯಾಲಿ ಅಂತ ಇದ್ರೆ ಮಾತ್ರ. ನಾನು ಇದ್ರಲ್ಲಿ ತರಕಾರಿಗೆ ಹೋಗ್ಬೇಕು" ಅಂದ್ರು. ನನಗೆ ಕಾಲಿಗೆ ಬೀಳೋಣ ಅನ್ನಿಸ್ತು. ಮ್ಯೂಸಿಯಮ್ಮಲ್ಲಿ ಹಗ್ಗ ಕಟ್ಟಿ ನಿಲ್ಸಿರೋ ಕಾರು ನೋಡೋದ್ರಲ್ಲಿ ಏನಿದೆ ಹೇಳಿ, ಹಿಂದಿನ ಸೀಟಲ್ಲಿ ಸೌತೆಕಾಯಿ ಹಾಕ್ಕೊಂಡು ಹೋಗೋ ಹೆರಾಲ್ಡ್ ನೋಡ್ಬೇಕು.

ಸರಿ, ತಳ್ಳೋಣ ಅಂದ್ರು. ಕೈಯಲ್ಲಿದ್ದ ಬ್ಯಾಗನ್ನ ಹಿಂದಿನ ಬಾಗಿಲು ತೆಗೆದು ಸೀಟ್ ಮೇಲಿಟ್ಟೆ. (ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು, ಹಿಂದಿನ ಬಾಗಿಲಿರೋದು ನಮ್ಮ ಮದ್ರಾಸಲ್ಲಿ ಮಾಡಿದ್ರಲ್ಲಿ ಮಾತ್ರ. ಇಂಗ್ಲಿಷ್ ಗಾಡಿಯಾಗಿದ್ರೆ ಈ ಕಥೆನೇ ಆಗ್ತಿರ್ಲಿಲ್ಲ.) ಸೆಕೆಂಡ್ ಗೇರ್ ಹಾಕ್ಕೊಂಡು ಅವರು ಕೂತ್ರು, ನಾನು ಹಿಂದಿಂದ ಹಲ್ಲು ಕಚ್ಚಿ ತಳ್ಳಿದೆ, ರೋಡ್ ಸ್ವಲ್ಪ ಇಳಿಜಾರಿತ್ತು, ಕ್ಲಚ್ ಬಿಟ್ರು, ಕೆಮ್ಮಿತು, ಇನ್ನೊಂದ್ಸಲ ಕೆಮ್ಮಿತು, ಹೊಗೆ ಬಿಟ್ಟು ಸ್ಟಾರ್ಟ್ ಆಯ್ತು, ನಾನು ಗೆದ್ದವನ ಥರ ಎರಡೂ ಕೈ ಮೇಲೆತ್ತಿದೆ, ಗಾಡಿ ಹೋಯ್ತು. ಬ್ಲೌಸೂ ಹೋಯ್ತು.

"ಸಾರ್, ಬ್ಯಾಗು! ನಿಲ್ಸಿ!" ಅಂತ ಓಡಿದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ "ನಿಲ್ಸಿದ್ರೆ ಆಫ್ ಆಗತ್ತೆ! ರೌಂಡ್ ಹಾಕ್ಕೊಂಡ್ ಬರ್ತೀನಿ!" ಅಂದ್ರು. ಸೊಪ್ಪು ಮಾರ್ತಿದ್ದ ಅಜ್ಜಿ "ಹಿಡ್ಕೊಳ್ರೋ, ಗುದ್ಬಿಟ್ ಓಡ್ತಾವ್ನೆ" ಅಂತ ಕೂಗಿದ್ಲು. ಊಟ ಡೆಲಿವರಿ ಮಾಡೋ ಹುಡುಗನೊಬ್ಬ ಬೈಕ್ ನಿಲ್ಸಿ "ಹತ್ತಣ್ಣ" ಅಂದ. ಹತ್ತಿದೆ. ಅವನು ಅಟ್ಟಿಸ್ಕೊಂಡು ಹೋಗ್ತಾ "ಇದ್ಯಾವ ಕಾರಣ್ಣ?" ಅಂತ ಕೇಳ್ಬಿಟ್ಟ. ಕೇಳಿದ್ಮೇಲೆ ಮುಗೀತಲ್ಲ! ಮೂಲ ಇಂಗ್ಲೆಂಡಿನ ಟ್ರಯಂಫ್ ಕಂಪನಿ, ಇಟಲಿಯ ಮಿಕೆಲೊಟ್ಟಿ ಡಿಸೈನು, 25 ಅಡಿ ಜಾಗ ಸಿಕ್ರೆ ಯೂ ಟರ್ನ್ ತಗೊಳತ್ತೆ ಅಂತ ನಾನು ಹೇಳ್ತಿರೋವಾಗ್ಲೇ ಹೆರಾಲ್ಡು ನಮ್ಮ ಕಣ್ಮುಂದೆ ರೋಡಿನ ಮಧ್ಯ ಬುಗುರಿ ತಿರುಗಿದಂಗೆ ಗರಕ್ ಅಂತ ತಿರುಗಿ ಎದುರಿಗೆ ಬಂದು ನಮ್ಮನ್ನ ದಾಟಿ ಹೋಯ್ತು. ನಮ್ಮ ಹುಡುಗ ಬೈಕ್ ತಿರುಗಿಸೋಕೆ ಫುಟ್‌ಪಾತ್ ಹತ್ತಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ... ಅಷ್ಟೊತ್ತಿಗೆ ಯಜಮಾನರು ಆ ತುದೀಲಿ ಇನ್ನೊಂದು ಗರಕ್. ಹಿಂಗೇ ಮೂರು ಸಲ ಎದುರುಬದುರಾದ್ವಿ. ಕೊನೆಗೆ ನಾನು ಇಳಿದು ರೋಡಲ್ಲಿ ನಿಂತ್ಕೊಂಡೆ, ಅವರು ಸ್ಲೋ ಮಾಡಿದ್ರು, ಪಕ್ಕದಲ್ಲೇ ಓಡ್ತಾ ಹಿಂದಿನ ಕಿಟಕಿಯೊಳಗೆ ಕೈ ಹಾಕಿ ಬ್ಯಾಗ್ ಎಳ್ಕೊಂಡೆ. "ನಿನ್ ಫೋನ್ ನಂಬರ್ ಹೇಳಪ್ಪಾ!" ಅಂದ್ರು. ಏದುಸಿರು ಬಿಡ್ತಾ ಹತ್ತೂ ಅಂಕಿ ಕೂಗಿ ಹೇಳಿದೆ. ಅವರೊಬ್ರಿಗೇ ಅಲ್ಲ, ಆ ಬೀದಿಗೆಲ್ಲ.

ಮನೆಗೆ ಬಂದು ಬ್ಯಾಗ್ ಕೊಟ್ಟೆ. ಹೆಂಡತಿ ಬ್ಲೌಸ್ ತೆಗೆದು ಮೂಸಿ ನೋಡಿ, ನನ್ನನ್ನ ನೋಡಿ, ಮತ್ತೆ ಮೂಸಿ, "ಯಾವ ಕಾರು?" ಅಂತ ಅಷ್ಟೇ ಕೇಳಿದ್ಲು. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಕ್ಯಾನ್ ಇತ್ತು ಅಂತ ನನಗೇನು ಗೊತ್ತು! ರಾತ್ರಿಯೆಲ್ಲ ಬಾಲ್ಕನೀಲಿ ನೇತಾಕಿದ್ವಿ, ಊದಿನಕಡ್ಡಿ ಹಚ್ಚಿದ್ವಿ, ಮಲ್ಲಿಗೆ ಹೂವಿನ ಜೊತೆ ಸುತ್ತಿಟ್ವಿ, ಬೆಳಗ್ಗೆ ಮಲ್ಲಿಗೇನೂ ಪೆಟ್ರೋಲ್ ವಾಸನೆ ಹೊಡೀತಿತ್ತು. ಬೇರೆ ಬ್ಲೌಸು ಆ ಸೀರೆಗೆ ಮ್ಯಾಚ್ ಆಗಲ್ವಂತೆ. ಗೃಹಪ್ರವೇಶದಲ್ಲಿ ಷಡ್ಡಕ "ಎಲ್ಲೋ ಲೀಕ್ ಆಗ್ತಿದೆ" ಅಂತ ತನ್ನ ಹೊಸ ಕಾರಿನ ಬಾನೆಟ್ಟನ್ನ ಮೂರು ಸಲ ತೆಗೆದು ನೋಡಿ ಬಂದ. ಪುರೋಹಿತ್ರು ಹೋಮಕ್ಕೆ ತುಪ್ಪ ಹಾಕೋವಾಗ "ಹಿರೀ ಮಗಳು ಮುಂದೆ ಬನ್ನೀಮ್ಮ" ಅಂತ ಕರೆದ್ರು. ಇವಳು ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದು "ಪರವಾಗಿಲ್ಲ, ನಾನು ಇಲ್ಲೇ ಇರ್ತೀನಿ" ಅಂದ್ಲು. ಸೋದರಮಾವ ಅವಳನ್ನೊಂದ್ಸಲ ಮೂಸಿ, ನನ್ನ ಕಡೆ ತಿರುಗಿ, "ಓಮ್ನಿಗೆ ಪೆಟ್ರೋಲ್ ಹಾಕ್ಸಿದ್ರಾ ಅಳಿಯಂದ್ರೇ?" ಅಂದ್ರು.

ಮುಂದಿನ ಭಾನುವಾರ ಗೊತ್ತಿಲ್ದಿರೋ ನಂಬರಿಂದ ಫೋನು. "ನಾನಪ್ಪಾ, ಹೆರಾಲ್ಡು. ತರಕಾರಿಗೆ ಬಂದಿದ್ದೆ, ಅದೇ ಮರದ ಹತ್ರ ನಿಂತಿದೆ. ಸ್ವಲ್ಪ ತಳ್ಬೇಕಿತ್ತು. ನಿನ್ ಕರ್ಚೀಫೂ ನನ್ ಹತ್ರಾನೇ ಇದೆ."

ಹೆಂಡತಿ ಅಡುಗೆಮನೇಲಿದ್ಲು. ಕಾಲು ಸದ್ದಾಗದಂಗೆ ಚಪ್ಪಲಿ ಹಾಕ್ಕೊಂಡು, ಬ್ಯಾಗು ಗೀಗು ಏನೂ ಮುಟ್ದೆ, ಎರಡು ಕರ್ಚೀಫ್ ಮಾತ್ರ ಜೇಬಿಗೆ ತುರುಕ್ಕೊಂಡು ಹೊರಟೆ.