ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದವರಿಗೆ ಸಸ್ಪೆನ್ಷನ್ ತಪಾಸಣೆ ಉಚಿತ

ಬೆಂಗಳೂರಿನಲ್ಲಿ ಸರ್ಕಾರ ಸದ್ದಿಲ್ಲದೆ ನಡೆಸುತ್ತಿರುವ ಒಂದು ಜನಸೇವೆ ಇದೆ. ಸದ್ದೆಲ್ಲ ನಮ್ಮ ಕಾರುಗಳಿಂದಲೇ ಬರುವುದರಿಂದ ಸರ್ಕಾರ ಬೇರೆ ಸದ್ದು ಮಾಡುವ ಅಗತ್ಯ ಬಿದ್ದಿಲ್ಲ. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ತಪಾಸಣೆ. ಅರ್ಜಿ ಬೇಡ, ಟೋಕನ್ ಬೇಡ, ಆಧಾರ್ ಬೇಡ. ಗೇಟಿನಿಂದ ಕಾರು ಹೊರಗೆ ಬಂದರೆ ಸಾಕು, ತಪಾಸಣೆ ಶುರು.

ಇಂಗ್ಲೆಂಡಿನವರ ಪಾಡು ನೋಡಿ. ಅಲ್ಲಿ ಕಾರಿಗೆ 3 ವರ್ಷ ತುಂಬಿತೆಂದರೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ ಮಾಡಿಸಬೇಕು. ಪರೀಕ್ಷಕ ಕಾರನ್ನು ಮೇಲೆತ್ತಿ, ಚಕ್ರ ತಿರುಗಲು, ಏರಿಳಿಯಲು ಬಿಡುವ ಕೀಲು ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಿ, ತೀರಾ ಸವೆದಿದ್ದರೆ ಫೇಲ್ ಮಾಡುತ್ತಾನೆ. ಪಾಪ, ಅಲ್ಲಾಡಿಸುವುದಕ್ಕೂ ಅವರಿಗೆ ಒಬ್ಬ ಮನುಷ್ಯ ಬೇಕು. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಆಗುವವರೆಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾತೇ ಇಲ್ಲ. ನಡುವೆ ಹೊಗೆ ಮಾತ್ರ ಪರೀಕ್ಷೆ ಮಾಡುತ್ತಾರೆ. ಚಕ್ರ ಗಟ್ಟಿಯಾಗಿದೆಯೋ ಇಲ್ಲವೋ ಅನ್ನುವ ಸಣ್ಣಪುಟ್ಟ ವಿಚಾರವನ್ನು ರಸ್ತೆಗೇ ವಹಿಸಿದ್ದಾರೆ.

ರಸ್ತೆಯೂ ಜವಾಬ್ದಾರಿ ಅರಿತು ಕೆಲಸ ಮಾಡುತ್ತಿದೆ. ಒಂದೊಂದು ಜಾಯಿಂಟಿಗೆ ಒಂದೊಂದು ವಿಭಾಗ ಇದೆ. ನೀರಿನವರು ಅಗೆದು ಮುಚ್ಚಿ, ಕೇಬಲ್‌ನವರು ಮತ್ತೆ ಅಗೆದು, ಜಲ್ಲಿ ಸುರಿದು ಹೋದ ಪಟ್ಟಿ ಇದೆಯಲ್ಲ, ಅದು ಲಿಂಕ್ ರಾಡ್ ವಿಭಾಗ. ನಿಧಾನಕ್ಕೆ ಹೋದಷ್ಟೂ ಚೆನ್ನಾಗಿ ಕೇಳಿಸುತ್ತದೆ. ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಮುಂದಿನ ಚಕ್ರದ ಹತ್ತಿರ ಕಟಕಟ, ಕಟಕಟ. ಎಡ-ಬಲದ ಚಕ್ರಗಳ ನಡುವಿನ ಸ್ಟೆಬಿಲೈಸರ್ ಬಾರಿನ ತುದಿಗೆ ಕೂರುವುದು ಈ ಲಿಂಕ್ ರಾಡ್. ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಅದಕ್ಕೆ ಹೆಚ್ಚು ಕೆಲಸವಿಲ್ಲ, ಸುಮ್ನೆ ಇರುತ್ತದೆ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗಲೇ ಬಣ್ಣ ಬಯಲಾಗುವುದು. ಗುಂಡಿಗಳು ಎಡಕ್ಕೊಂದು, ಸ್ವಲ್ಪ ಮುಂದೆ ಬಲಕ್ಕೊಂದು ಯಾಕಿವೆ ಅಂತ ಈಗ ಗೊತ್ತಾಯಿತಲ್ವಾ? ಯಾರೋ ಕೂತು ಯೋಚನೆ ಮಾಡಿಯೇ ಮಾಡಿದ್ದಾರೆ.

ಸಿಗ್ನಲ್ ಮುಂದಿನ ಗುಂಡಿ ಲೋವರ್ ಆರ್ಮ್ ಬುಷ್‌ಗೆ ಮೀಸಲು. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು ಲೋವರ್ ಆರ್ಮ್, ಅದರ ಬುಡದ ರಬ್ಬರ್ ಬುಷ್. ಬ್ರೇಕ್ ಒತ್ತಿದಾಗ ಧಡ್ ಅಂತ ಒಂದು, ಹಸಿರು ಬಿದ್ದು ಹೊರಟಾಗ ಇನ್ನೊಂದು ಬಂದರೆ ರಬ್ಬರ್ ಹರಿದು ಆರ್ಮ್ ಹಿಂದೆ ಮುಂದೆ ಓಡಾಡುತ್ತಿದೆ ಅಂತ ತಿಳಿಯಬೇಕು. ಯು-ಟರ್ನ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕೆಳಗಿನಿಂದ ಕಿರ್ರ್ ಅಂದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ. ಅದರ ರಬ್ಬರ್ ಬೂಟ್ ಹರಿದಿರುತ್ತದೆ, ಗ್ರೀಸ್ ಹೋಗಿರುತ್ತದೆ, ಆ ಜಾಗದಲ್ಲಿ ಮಳೆನೀರು ಮತ್ತು ಮಣ್ಣು ವಾಸ ಮಾಡುತ್ತಿರುತ್ತವೆ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದಿಷ್ಟು ತಿರುಗಿಸಿದರೂ ಚಕ್ರ ಮಾತು ಕೇಳದಿದ್ದರೆ, ಆ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ನೋಡಿಸಿ. ಈ ಒಂದು ತಪಾಸಣೆಗೆ ಮಾತ್ರ ಊರು ಬಿಟ್ಟು ತುಮಕೂರು ಕಡೆ ಹೋಗಬೇಕಾಗಬಹುದು. ಇಲ್ಲಿ ಗುಂಡಿ ತಪ್ಪಿಸುತ್ತಾ ಹೋಗುವಾಗ ಸ್ಟೀರಿಂಗ್ ಸಡಿಲವೋ ಡ್ರೈವರ್ ಸಡಿಲವೋ ಹೇಳುವುದು ಕಷ್ಟ.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ. ಅದರ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಬಡಾವಣೆಗಳಲ್ಲಿ ಎತ್ತರಕ್ಕೆ ಯಾವ ಕೊರತೆಯನ್ನೂ ಮಾಡಿಲ್ಲ. ಅಗಲದಲ್ಲಿ ಸ್ವಲ್ಪ ಡಾಂಬರು ಉಳಿಸಿದ್ದಾರೆ, ಅಷ್ಟೇ. ಬಿಳಿ ಪಟ್ಟೆಯ ಪೇಂಟನ್ನೂ ಉಳಿಸಿದ್ದಾರೆ. ಶಾಕ್ ಅಬ್ಸಾರ್ಬರ್, ಅದರ ಮೇಲಿನ ಮೌಂಟ್, ಡ್ರೈವರ್ ಸೊಂಟ, ಮೂರಕ್ಕೂ ಒಂದೇ ಏಟಿಗೆ ರಿಪೋರ್ಟ್.

ಇಷ್ಟಕ್ಕೆ ಶುಲ್ಕ ಎಷ್ಟು ಅಂತೀರಾ? ಬೇರೆ ಏನೂ ಇಲ್ಲ, ಕಾರು ಕೊಂಡಾಗ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ಇದೆಯಲ್ಲ, ಅದರಲ್ಲೇ ಬಂತು. ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆ ನೋಡಿಕೊಂಡು ಶೇ 13ರಿಂದ 18, ಅದರ ಮೇಲೆ ಸೆಸ್. 8 ಲಕ್ಷದ ಕಾರಿಗೆ ಒಂದು ಲಕ್ಷ ದಾಟುತ್ತದೆ. ಲೈಫ್‌ಟೈಮ್ ಅಂದರೆ ಕಾರಿನದು, ಲಿಂಕ್ ರಾಡಿನದಲ್ಲ. ಲಿಂಕ್ ರಾಡ್ ಬದಲಿಸಿದಾಗ ಬೇರೆ ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಶೇ 28ರಿಂದ 18ಕ್ಕೆ ಇಳಿಸಿದರು. ಗುಂಡಿ ಮುಚ್ಚುವುದಕ್ಕಿಂತ ಅದು ಸುಲಭ ಇರಬೇಕು. ವಿಮೆಯವರನ್ನು ಕೇಳಿ ನೋಡಿ, ಸವೆತಕ್ಕೆ ಕ್ಲೇಮ್ ಇಲ್ಲ ಅನ್ನುತ್ತಾರೆ. ಒಂದೇ ಸಲಕ್ಕೆ ಮುರಿದರೆ ಅಪಘಾತ, ದಿನಾ ಸ್ವಲ್ಪ ಸ್ವಲ್ಪ ಮುರಿದರೆ ಸವೆತ.

ರಸ್ತೆ ರಿಪೋರ್ಟನ್ನು ಬಾಯಲ್ಲೇ ಹೇಳುತ್ತದೆ, ಬರೆದು ಕೊಡುವುದಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಮತ್ತೆ ನೋಡಬೇಕು. ಸದ್ದು ಕೇಳಿದ ತಕ್ಷಣ "ಸಾರ್, ಇಡೀ ಸಸ್ಪೆನ್ಷನ್ ಹೋಗಿದೆ" ಅನ್ನುವವರ ಹತ್ತಿರ ಕಾರು ಬಿಡಬೇಡಿ. ಬಲ್ಲವನು ಜಾಕ್ ಏರಿಸಿ ಚಕ್ರವನ್ನು ಎರಡೂ ಪಕ್ಕ ಹಿಡಿದು ಅಲ್ಲಾಡಿಸುತ್ತಾನೆ. ಪ್ಲೇ (ಸಡಿಲ) ಇದ್ದರೆ ಟೈ ರಾಡ್ ಎಂಡ್ ಅಥವಾ ಅದರ ಒಳತುದಿಯ ರ‍್ಯಾಕ್ ಎಂಡ್. ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾನೆ. ಆಗ ಆಡಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಯಾವುದು ಅಂತ ಇನ್ನೊಬ್ಬ ಕೆಳಗೆ ಬಗ್ಗಿ ನೋಡಿ ಹೇಳಬೇಕು. ಟೈ ರಾಡ್ ಎಂಡ್ ಬಿಚ್ಚುವಾಗ ಸುತ್ತು ಎಣಿಸಿಕೊಂಡು, ಹೊಸದನ್ನು ಅಷ್ಟೇ ಸುತ್ತು ಹಾಕುತ್ತಾನೆ. ಬುಷ್ ಬೋಲ್ಟನ್ನು ಕಾರು ಕೆಳಗಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಕೊನೆಗೆ ಬಿಗಿ ಮಾಡುತ್ತಾನೆ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಕೊನೆಗೆ ಕಂಪ್ಯೂಟರ್ ಅಲೈನ್‌ಮೆಂಟ್. ಡಿಗ್ರಿಯಲ್ಲೂ ಪಾಯಿಂಟ್ ಲೆಕ್ಕ, ಪರದೆಯ ಮೇಲೆ ನಾಲ್ಕೂ ಚಕ್ರ ಹಸಿರು. ಆ ಹಸಿರು ಗ್ಯಾರೇಜಿನ ಗೇಟಿನ ಮುಂದಿನ ಚರಂಡಿ ಚಪ್ಪಡಿವರೆಗೂ ಪಕ್ಕಾ ಇರುತ್ತದೆ.

ಒಂದು ಎಚ್ಚರಿಕೆ ಇದೆ. ಗ್ಯಾರೇಜಿನವರು ಟ್ರಯಲ್‌ಗೆ ಹೋಗುವ ಮುಂಚೆ ಮಂತ್ರಿಗಳ ಪ್ರವಾಸದ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ದೊಡ್ಡವರು ಬರುವ ದಾರಿಗೆ ರಾತ್ರೋರಾತ್ರಿ ಡಾಂಬರು ಬೀಳುತ್ತದೆ, ತಪಾಸಣಾ ಕೇಂದ್ರ ತಾತ್ಕಾಲಿಕವಾಗಿ ಮುಚ್ಚುತ್ತದೆ. ಆ ದಾರಿಯಲ್ಲಿ ಎಷ್ಟು ಸುತ್ತು ಹೊಡೆದರೂ ಸದ್ದು ಸಿಗುವುದಿಲ್ಲ. ಗಿರಾಕಿ "ಕಾರು ತಾನೇ ಸರಿಹೋಯ್ತು, ಬಿಡಿ" ಅಂತ ಬಿಲ್ ಕೊಡದೆ ಹೊರಟುಬಿಡುತ್ತಾನೆ. ಅಂಥ ಗಿರಾಕಿಗೆ ಬೇಜಾರು ಮಾಡಿಕೊಳ್ಳಬೇಡಿ. ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಮೊದಲ ಮಳೆ ಆದ ಮಾರನೇ ದಿನ ಅವನೇ ಫೋನ್ ಮಾಡುತ್ತಾನೆ.