ದಡಾರ ಬಂದವರಲ್ಲಿ ಲಸಿಕೆ ಹಾಕಿಸಿಕೊಂಡವರೇ ಹೆಚ್ಚಂತೆ, ಹೌದೇ?

‘ದಡಾರ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲಸಿಕೆ ಪಡೆದವರೇ, ಹಾಗಾದರೆ ಲಸಿಕೆ ದಂಡ’ ಎನ್ನುವ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲೂ ಸುತ್ತುತ್ತಿರುತ್ತದೆ. ಮೊದಲ ಮಾತು ಕೆಲವೊಮ್ಮೆ ನಿಜ. ಅದರಿಂದ ತೆಗೆದ ತೀರ್ಮಾನ ತಪ್ಪು.

ಒಂದು ಲೆಕ್ಕ ಹಾಕೋಣ. ಊರಿನಲ್ಲಿ 1000 ಮಕ್ಕಳಿದ್ದಾರೆ. 980 ಮಂದಿಗೆ ಎರಡೂ ಡೋಸ್ ಆಗಿದೆ, 20 ಮಂದಿಗೆ ಒಂದೂ ಇಲ್ಲ. ರಕ್ಷಣೆ ಇಲ್ಲದವರು ರೋಗಿಯ ಹತ್ತಿರ ಇದ್ದರೆ ಹತ್ತರಲ್ಲಿ ಒಂಬತ್ತು ಮಂದಿಗೆ ದಡಾರ ಅಂಟುತ್ತದೆ. ಎಲ್ಲ ಮಕ್ಕಳೂ ರೋಗಿಯ ಹತ್ತಿರ ಇರುವ ಸಂದರ್ಭ ಬಂತೆನ್ನಿ: ಆ 20ರಲ್ಲಿ 18 ಮಂದಿ ಮಲಗುತ್ತಾರೆ. ಎರಡು ಡೋಸ್ ಸುಮಾರು ಶೇ 97ರಷ್ಟು ಕಾಯುತ್ತದೆ. ಲಸಿಕೆ ಇಲ್ಲದಿದ್ದರೆ ಆ 980ರಲ್ಲಿ 882 ಮಂದಿ ಮಲಗುತ್ತಿದ್ದರು; ಲಸಿಕೆಯಿಂದಾಗಿ ಅದರ ಶೇ 3, ಅಂದರೆ ಸುಮಾರು 26 ಮಂದಿ ಮಾತ್ರ. ಒಟ್ಟು 44ರಲ್ಲಿ 26 ಲಸಿಕೆ ಪಡೆದವರೇ! ಆದರೆ ಲಸಿಕೆಯೇ ಇಲ್ಲದಿದ್ದರೆ 900 ಮಕ್ಕಳು ಮಲಗುತ್ತಿದ್ದರು.

ಸಾಂಕ್ರಾಮಿಕ ರೋಗಗಳ ಸಂಖ್ಯಾಶಾಸ್ತ್ರಜ್ಞರು ಮೊದಲು ಕೇಳುವುದೂ ಇದನ್ನೇ: ಎಷ್ಟರಲ್ಲಿ ಎಷ್ಟು? ನೀವೂ ಕೇಳಿ. ಲಸಿಕೆ ಪಡೆದವರು ಒಟ್ಟು ಎಷ್ಟು, ಪಡೆಯದವರು ಎಷ್ಟು ಎಂಬುದು ಸಂದೇಶದಲ್ಲಿ ಇಲ್ಲದಿದ್ದರೆ ಆ ಅಂಕಿಯಿಂದ ಏನೂ ತಿಳಿಯದು. ಡೋಸ್ ಒಂದೋ ಎರಡೋ ಎಂದೂ ನೋಡಿ. ಕಾಫಿ ಕೊಯ್ಲಿಗೆ ಬಂದು ಲೈನ್‌ಮನೆಗಳಲ್ಲಿರುವ ಕುಟುಂಬಗಳ ಮಕ್ಕಳಿಗೆ ಎರಡನೆಯದು ತಪ್ಪಿಹೋಗುವುದುಂಟು. ತಾಯಿ ಕಾರ್ಡ್ ತೆರೆದರೆ 9–12 ತಿಂಗಳಿನದು, 16–24 ತಿಂಗಳಿನದು ಎರಡೂ ಗುರುತಾಗಿದೆಯೇ ಎಂಬುದು ಕಾಣುತ್ತದೆ. ಇಲ್ಲವೆಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ.