ಕಕ್ಕಡದಲ್ಲಿ ಕಂಚಿನ ಆನೆ

ಮಡಿಕೇರಿ ಕೋಟೆಯೊಳಗಿನ ಜೋಡಿ ಗಾರೆ ಆನೆಗಳನ್ನು ನೋಡಿದಾಗೆಲ್ಲ ನಾನೂ ಒಂದು ಆನೆ ಮಾಡಬೇಕು ಅನ್ನಿಸುತ್ತಿತ್ತು. ಗಾರೆಯದ್ದಲ್ಲ, ಕಂಚಿನದ್ದು. ಕಂಚು ಕರಗಬೇಕಾದರೆ ಸಾವಿರ ಡಿಗ್ರಿ ಹತ್ತಿರ ಬಿಸಿ ಬೇಕು. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಸ್ನಾನದ ನೀರು ಕಾಯುವುದೇ ದೊಡ್ಡ ವಿಷಯ. ಅದಕ್ಕೇ ಕೋಲ್ಡ್ ಕಾಸ್ಟಿಂಗ್ ಹಿಡಿದೆ. ರೆಸಿನ್ ಅನ್ನುವ ಅಂಟು ದ್ರವಕ್ಕೆ ಕಂಚಿನ ಪುಡಿ ಕಲಸಿ ಸಿಲಿಕಾನ್ ಅಚ್ಚಿಗೆ ಹುಯ್ದರೆ ಆಯಿತು, ಕುಲುಮೆಯೇ ಬೇಡ.

ಶುರು ಮಾಡಿದ್ದು ಮಾತ್ರ ಕಕ್ಕಡದಲ್ಲಿ, ಕೊಡಗಿನ ಜಡಿಮಳೆಯ ತಿಂಗಳಲ್ಲಿ. ಹೋದ ವಾರ ಒಗೆದ ಚಡ್ಡಿಯೇ ಒಣಗಿರಲಿಲ್ಲ, ರೆಸಿನ್ ಒಣಗುತ್ತಾ?

ಮೊದಲು ಅಚ್ಚಿನ ಒಳಗೆ ಬ್ರಷ್‌ನಿಂದ ಪುಡಿ ಸವರಬೇಕು. ಸವರುವಾಗ ಸೀನು ಬಂತು. ಮಾಸ್ಕ್ ಜೇಬಿನಲ್ಲಿತ್ತು. ಅಮ್ಮ ಬಾಗಿಲಲ್ಲಿ ನಿಂತು ನನ್ನ ಹೊಳೆಯುವ ಮುಖ ನೋಡಿ, "ಯಾವ ನಾಟಕ?" ಅಂದಳು.

ಹುಯ್ದು ಮೂರು ದಿನ ಕಳೆದರೂ ಹಲಸಿನ ಮೇಣದ ಹಾಗೆ ಅಂಟಂಟು. ಚಳಿಗೆ, ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್ ಸಾಲಲಿಲ್ಲ ಅಂತ ಮುಂದಿನ ಸಲ ಧಾರಾಳವಾಗಿ ಸುರಿದೆ. ಕಲಸುತ್ತಿದ್ದಂತೆ ಮಗ್ ಬಿಸಿಯಾಯಿತು, ಹೊಗೆ ಬಂತು, ಕೈಯಲ್ಲಿದ್ದ ಸೌಟು ಅಲ್ಲೇ ಕಲ್ಲಾಗಿ ನಿಂತಿತು. ಅದು ಅಮ್ಮ ಮದ್ದುಸೊಪ್ಪಿನ ಪಾಯಸ ತಿರುವುವ ಮರದ ಸೌಟು. ಆ ಸಂಜೆಯ ಮಾತುಕತೆ ಇಲ್ಲಿ ಬೇಡ.

ಮೂರನೇ ಸಲ ಹನಿ ಎಣಿಸಿ ಹಾಕಿದೆ. ಕೋಳಿಮರಿಗೆ ಇಡುವ ಹಾಗೆ ಪಕ್ಕದಲ್ಲಿ ಬಲ್ಬ್ ಉರಿಸಿದೆ. ಗಟ್ಟಿಯಾಯಿತು! ಆದರೆ ಅಚ್ಚಿನಿಂದ ಹೊರಬಂದದ್ದು ಮಂಕು ಕಂದು ಬಣ್ಣ.

"ಬೆಲ್ಲದಚ್ಚಾ?" ಅಂದಳು ಅಮ್ಮ.

ಲೋಹದ ಮೇಲೆ ರೆಸಿನ್ ಪೊರೆ ಕೂತಿರುತ್ತದೆ, ಅದನ್ನು ಉಜ್ಜಿ ತೆಗೆಯಬೇಕು. ಪಾತ್ರೆ ತಿಕ್ಕುವ ಸ್ಟೀಲ್ ನಾರು ಕದ್ದು ತಂದು ಬೆನ್ನು ಉಜ್ಜಿದೆ. ಹತ್ತು ನಿಮಿಷಕ್ಕೆ ಒಂದು ಕಾಸಿನಗಲ ಮಿಂಚಿತು, ದೇವರ ಮನೆಯ ಹಳೇ ದೀಪದ ಹಾಗೆ. ಸುಮ್ನೆ ಹೇಳ್ತಿಲ್ಲ, ಕಣ್ಣು ತುಂಬಿ ಬಂತು. ರಾತ್ರಿಯೆಲ್ಲ ಉಜ್ಜಿ, ಸುಕ್ಕುಗಳಿಗೆ ಕಪ್ಪು ಬೂಟ್ ಪಾಲಿಶ್ ತುಂಬಿ ಒರೆಸಿದೆ. ನೂರು ವರ್ಷ ಹಳೆಯದರಂತೆ ಕಂಡಿತು.

ಸೊಂಡಿಲೊಂದೇ ಕೊರತೆ. ಅಚ್ಚಿನ ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಅಲ್ಲಿಗೆ ರೆಸಿನ್ ಇಳಿದೇ ಇರಲಿಲ್ಲ. ಎರಡಿಂಚಿನ ಮೋಟು ಉಳಿದಿತ್ತು. ಪರವಾಗಿಲ್ಲ ಅಂತ ಜಗಲಿಯಲ್ಲಿ ಇಟ್ಟೆ.

ಪಕ್ಕದ ತೋಟದ ಮಾವ ಕೊಡೆ ಮಡಚುತ್ತಾ ಬಂದರು. ಎತ್ತಿ ನೋಡಿದರು, ತೂಗಿ ನೋಡಿದರು.

"ಹಂದಿ ಒಳ್ಳೆ ಕೊಬ್ಬಿದೆ ಮಾರಾಯ!"

ಒಳಗಿಂದ ಅಮ್ಮ ಕೂಗಿದಳು: "ಹಂದಿ ಸಾರಿನ ಹುಳಿಗೆ ಕಾಚಂಪುಳಿ ಬಾಟಲಿ ಇಲ್ಲೇ ಇದೆ!"